ಹಾಡು ಗಂಟಲಲ್ಲೇ ನಿಂತಾಗ ಆರಾಧನೆಗೆ ಹೋಗುವುದು ಸರಿಯೇ?

ಬೆಳಗಿನ ಗಂಟೆ:
ಎಲ್ಲರಿಗೂ ವಂದನೆಗಳು. ಈ ವೇದಿಕೆಯನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಾನು ಧಾರವಾಡದವಳು, ಯುರೋಪಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದ ಸಭೆಯೊಂದರಲ್ಲಿ ಬೆಳೆದವಳು. ಎಂಟು ತಿಂಗಳ ಹಿಂದೆ ನನ್ನ ತಾಯಿ ತೀರಿಕೊಂಡರು. ಅವರಿದ್ದಷ್ಟು ದಿನ ಭಾನುವಾರ ನಾವಿಬ್ಬರೂ ಭಕ್ತಿಗೀತೆಗಳ ಒಂದೇ ಸಂಗೀತ ಪುಸ್ತಕ ಹಿಡಿದು ಹಾಡುತ್ತಿದ್ದೆವು. ಈಗ ಪುಸ್ತಕ ಕೈಯಲ್ಲಿದೆ, ಪುಟವೂ ಸಿಗುತ್ತದೆ, ಆದರೆ ಮೊದಲ ಚರಣ ಮುಗಿಯುವ ಮೊದಲೇ ದನಿ ನಿಂತುಹೋಗುತ್ತದೆ.

ಹೋದ ವಾರದ ಪ್ರಸಂಗ, ಅಂದರೆ ಬೋಧನೆ, ಸತ್ಯವೇದದಲ್ಲಿ (ಬೈಬಲಿನಲ್ಲಿ) ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಮೇಲಿತ್ತು. ಯಾವಾಗಲೂ ಕರ್ತನಲ್ಲಿ ಸಂತೋಷಪಡಬೇಕೆಂಬುದು ಸಲಹೆಯಲ್ಲ, ಆಜ್ಞೆ ಎಂದು ಸಭಾಪಾಲಕರಾದ ಅಯ್ಯನವರು ಹೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ, ಆಜ್ಞೆಯನ್ನು ಪಾಲಿಸಲಾಗದವಳು ಆರಾಧನೆಗೆ ಹೋಗಿ ಬೆಂಚಿನ ಮೇಲೆ ಸುಮ್ಮನೆ ಕುಳಿತುಕೊಳ್ಳುವುದು ದೇವರ ಮುಂದೆ ನಟನೆಯಾಗುವುದಿಲ್ಲವೇ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಸಂತೋಷ ಮರಳಿ ಬರುವವರೆಗೆ ಮನೆಯಲ್ಲಿಯೇ ಉಳಿಯಲೇ? ಈ ಸಮಯದಲ್ಲಿ ಸತ್ಯವೇದದ ಯಾವ ಭಾಗವನ್ನು ಓದಬೇಕು?

ಇನ್ನೊಂದು ವಿಷಯ. ತಾಯಿಯ ಸತ್ಯವೇದದಲ್ಲಿ 126ನೆಯ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲಿನಿಂದ 1972 ಎಂದು ಬರೆದಿದೆ. ಇಡೀ ಪುಸ್ತಕದಲ್ಲಿ ಅವರು ಬರೆದ ಇಸವಿ ಅದೊಂದೇ. ಅವರಿದ್ದಾಗ ನಾನು ಅದನ್ನು ಕೇಳಲಿಲ್ಲ.

ಆಲ್ಟೊ ಸಾಲು:
ಅಕ್ಕಾ, ದಯವಿಟ್ಟು ಮನೆಯಲ್ಲಿ ಉಳಿಯಬೇಡಿ. ನಾನು ಮಂಗಳೂರಿನ ಸಭೆಯೊಂದರ ಗಾಯನ ಮೇಳದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಾಡುತ್ತಿದ್ದೇನೆ. ನಾಲ್ಕು ದನಿಗಳಲ್ಲಿ ಹಾಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ: ನೀಳ ಸ್ವರವೊಂದರ ನಡುವೆ ಒಬ್ಬರಿಗೆ ಉಸಿರು ಸಾಲದೆ ಹೋದರೆ, ಪಕ್ಕದವರು ಆ ಸ್ವರವನ್ನು ಹಿಡಿದುಕೊಂಡಿರುತ್ತಾರೆ, ಉಸಿರು ತೆಗೆದುಕೊಂಡವರು ಮೆಲ್ಲಗೆ ಒಳಗೆ ಸೇರುತ್ತಾರೆ, ಕೇಳುವವರಿಗೆ ಹಾಡು ಎಲ್ಲಿಯೂ ಕಡಿದಂತೆ ತೋರುವುದಿಲ್ಲ. ನೀವು ಈಗ ಉಸಿರು ತೆಗೆದುಕೊಳ್ಳುತ್ತಿದ್ದೀರಿ. ಸ್ವರವನ್ನು ಸಭೆ ಹಿಡಿದುಕೊಂಡಿದೆ.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ತೆರೆದು ಇಳಿಸಿದಾಗ, ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಮಲಗಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಅಲ್ಲಿ ಬರೆದಿಲ್ಲ.

ಮೌನ ಓದುಗ:
88ನೆಯ ಕೀರ್ತನೆಯನ್ನು ಓದಿ. ಗಟ್ಟಿಯಾಗಿ ಓದಿ.

ಸ್ತುತಿಯ ಬಲ:
ಸಹೋದರಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ಮೇಲಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ದುಃಖದಲ್ಲಿರುವವರ ಕೈಗೆ ಅದನ್ನು ಕೊಡುವುದು, ಬಾವಿಯಲ್ಲಿ ಬಿದ್ದವರಿಗೆ ಹಗ್ಗ ಬಿಡದೆ ನೀರಿನ ಆಳವನ್ನು ವಿವರಿಸಿದಂತೆ. ಪೌಲನೂ ಅವನ ಜೊತೆಗಾರ ಸೀಲನೂ ಸೆರೆಮನೆಯಲ್ಲಿ, ಬೆನ್ನಿನ ಮೇಲೆ ಪೆಟ್ಟು ತಿಂದು, ಕಾಲುಗಳಿಗೆ ಕೋಳ ಹಾಕಿಸಿಕೊಂಡು, ಮಧ್ಯರಾತ್ರಿಯಲ್ಲಿ ಹಾಡಿದರು. ಆಗ ಭೂಮಿ ನಡುಗಿ ಬಾಗಿಲುಗಳು ತೆರೆದವು. ಮನಸ್ಸು ಬಂದಾಗ ಹಾಡುವುದು ಯಾರಿಂದಲಾದರೂ ಆಗುತ್ತದೆ. ಮನಸ್ಸಿಲ್ಲದಿದ್ದರೂ ಬಾಯಿ ತೆರೆಯುವುದೇ ನಂಬಿಕೆ.

ಫಾತಿಮಾ ಬೆಟ್ಟ:
ನಾನು ಕಥೋಲಿಕಳು, ಮೈಸೂರಿನ ಕಡೆಯವಳು. 88ನೆಯ ಕೀರ್ತನೆಯನ್ನು ಕುರಿತು ಒಂದು ಮಾತು ಹೇಳಲೇಬೇಕು. ನಮ್ಮ ಧರ್ಮಸಭೆಯ ದಿನನಿತ್ಯದ ಪ್ರಾರ್ಥನಾ ವಿಧಿಯಲ್ಲಿ ಪ್ರತಿ ಶುಕ್ರವಾರ ಮಲಗುವ ಮುನ್ನ ಹೇಳುವ ರಾತ್ರಿ ಪ್ರಾರ್ಥನೆಯಲ್ಲಿ ಇರುವುದು ಇದೇ ಕೀರ್ತನೆ. ಲೋಕದ ಎಲ್ಲೆಡೆಯ ಕನ್ಯಾಮಠಗಳಲ್ಲಿ, ಗುರುಮಠಗಳಲ್ಲಿ, ಅಂದು ಸಂತೋಷವಾಗಿರುವವರೂ ಅದನ್ನು ಹೇಳಿ ಮಲಗುತ್ತಾರೆ. ಅವರು ಅದನ್ನು ತಮಗಾಗಿ ಹೇಳುತ್ತಿಲ್ಲ, ಆ ರಾತ್ರಿ ಕತ್ತಲೆಯಲ್ಲಿರುವ ಯಾರದೋ ಪರವಾಗಿ ಹೇಳುತ್ತಿದ್ದಾರೆ. ಹಾಗಿದ್ದ ಮೇಲೆ ಅದು ಬಾವಿಯ ಆಳದ ವಿವರಣೆ ಹೇಗಾದೀತು ಸರ್? ಆ ಕೀರ್ತನೆಯ ಮೊದಲ ಸಾಲಿನಲ್ಲಿಯೇ ಬರೆದವನು ದೇವರನ್ನು ತನ್ನ ರಕ್ಷಕನೆಂದು ಕರೆಯುತ್ತಾನೆ. ದೂರು ಹೇಳುವುದಕ್ಕೂ ಯಾರಾದರೂ ಎದುರಿಗಿರಬೇಕಲ್ಲವೇ?

ನಮ್ಮಲ್ಲಿ ತಪಸ್ಸು ಕಾಲ ಆರಂಭವಾಗುವ ವಿಭೂತಿ ಬುಧವಾರದಿಂದ, ಪುನರುತ್ಥಾನದ ಹಬ್ಬದ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆಯವರೆಗೆ, ಬಲಿಪೂಜೆಯಲ್ಲಿ ಅಲ್ಲೆಲೂಯ ಎಂಬ ಸ್ತುತಿಯನ್ನು ಹಾಡುವುದಿಲ್ಲ. ನನ್ನ ಪತಿ ತೀರಿಕೊಂಡ ವರ್ಷ, ತಪಸ್ಸು ಕಾಲದ ಆ ಮೌನ ನನಗೆ ಎಷ್ಟು ಆಸರೆಯಾಯಿತೆಂಬುದನ್ನು ಮಾತಿನಲ್ಲಿ ಹೇಳಲಾರೆ. ಇಡೀ ದೇವಾಲಯವೇ ನನ್ನ ಜೊತೆ ಹಾಡು ನಿಲ್ಲಿಸಿದಂತೆ ಅನಿಸಿತ್ತು.

ಆಲ್ಟೊ ಸಾಲು:
ಸ್ತುತಿಯ ಬಲ ಅವರೇ, ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕೆಂದು ವಿನಂತಿಸುತ್ತೇನೆ. ಹಾಡಿದವರು ಇಬ್ಬರು. ಉಳಿದ ಸೆರೆಯಾಳುಗಳು ಕೇಳುತ್ತಿದ್ದರೆಂದು ಲೂಕನು ಬರೆದಿದ್ದಾನೆ, ಹಾಡಿದರೆಂದು ಬರೆದಿಲ್ಲ. ಭೂಕಂಪವಾದಾಗ ಕಳಚಿದ್ದು ಎಲ್ಲರ ಬೇಡಿಗಳೂ! ಹಾಡದೆ ಕತ್ತಲೆಯಲ್ಲಿ ಕುಳಿತು ಕೇಳುತ್ತಿದ್ದವರ ಬೇಡಿಗಳೂ.

ನಿವೃತ್ತ ಮೇಷ್ಟ್ರು:
ಫಿಲಿಪ್ಪಿಯವರಿಗೆ ಬರೆದ ಅದೇ ಪತ್ರಿಕೆಯ ಎರಡನೆಯ ಅಧ್ಯಾಯವನ್ನೂ ಮರೆಯಬಾರದು. ಯಾವಾಗಲೂ ಸಂತೋಷಪಡಿರಿ ಎಂದು ಬರೆದ ಪೌಲನೇ, ತನ್ನ ಜೊತೆಕೆಲಸದವನಾದ ಎಪಫ್ರೊದೀತನು ರೋಗದಿಂದ ಸಾಯುವ ಹಾಗಿದ್ದುದನ್ನು ನೆನೆದು, ದೇವರು ಅವನನ್ನು ಕರುಣಿಸಿದ್ದರಿಂದ ತನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎಂದು ಬರೆಯುತ್ತಾನೆ. ಅಂದರೆ ಎಪಫ್ರೊದೀತನು ಸತ್ತಿದ್ದರೆ ಪೌಲನು ಅಳುತ್ತಿದ್ದನು; ಈಗಾಗಲೇ ಒಂದು ದುಃಖ ಅವನಲ್ಲಿ ಇದ್ದೇ ಇತ್ತು. ಅವನು ಸೆರೆಯಿಂದ ಬರೆದ ನಾಲ್ಕೇ ಅಧ್ಯಾಯಗಳ ಪತ್ರಿಕೆಯಲ್ಲಿ ಸಂತೋಷವೂ ದುಃಖವೂ ಒಂದೇ ಮಸಿಯಲ್ಲಿವೆ. ಆದ್ದರಿಂದ ಸಂತೋಷಪಡಿರಿ ಎಂಬುದಕ್ಕೆ ಅಳಬೇಡಿರಿ ಎಂಬ ಅರ್ಥವನ್ನು ನಾವು ಕಟ್ಟಬಾರದು. ಕರ್ತನಲ್ಲಿ ಎಂಬ ಪದದ ಮೇಲೆ ಭಾರ ಹಾಕಿ ಓದಬೇಕು.

ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಾದ್ದರಿಂದ ಪದಗಳ ಕಡೆಗೆ ಸ್ವಲ್ಪ ಹೊರಳುತ್ತೇನೆ. ನಮ್ಮ ಸತ್ಯವೇದದಲ್ಲಿ ನಂಬಿಕೆ ಮತ್ತು ಪ್ರೀತಿಗಳ ಜೊತೆಗೆ ಬರುವ ಪದ ನಿರೀಕ್ಷೆ. ಆಶೆ ಎಂದಿದ್ದರೆ ಬಯಕೆಯ ವಾಸನೆ ಬರುತ್ತಿತ್ತು. ಭರವಸೆ ಎಂದಿದ್ದರೆ ಮಾತು ಕೊಟ್ಟವರ ನೆನಪಾಗುತ್ತಿತ್ತು. ನಿರೀಕ್ಷೆಯಲ್ಲಿ ನೋಡುವ ಧಾತುವಿದೆ. ಅಚ್ಚಗನ್ನಡದಲ್ಲಿ ಹೇಳುವುದಾದರೆ ದಾರಿ ನೋಡುವುದು. ಮಗ ಊರಿಗೆ ಬರುತ್ತಾನೆಂದು ತಾಯಿ ಹೊಸ್ತಿಲಲ್ಲಿ ನಿಂತು ದಾರಿ ನೋಡುತ್ತಾಳೆ. ಮಗ ಇನ್ನೂ ಕಾಣುತ್ತಿಲ್ಲ, ಆದರೆ ಅವಳು ನಿಂತಿರುವುದು ಸುಳ್ಳಲ್ಲ, ನಟನೆಯೂ ಅಲ್ಲ. 130ನೆಯ ಕೀರ್ತನೆಯಲ್ಲಿ ಕಾವಲುಗಾರರು ಬೆಳಗನ್ನು ಎದುರುನೋಡುವ ಮಾತು ಎರಡು ಸಲ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಕಾವಲುಗಾರನು ಹಾಡುತ್ತಿರುವುದಿಲ್ಲ. ಅವನ ಕೆಲಸ ಎಚ್ಚರವಾಗಿರುವುದು.

ಇಬ್ರಿಯ ಭಾಷೆಯಲ್ಲಿ ನಿರೀಕ್ಷೆಗಿರುವ ತಿಕ್ವಾ ಎಂಬ ಪದಕ್ಕೆ ಹುರಿ, ಹಗ್ಗ ಎಂಬ ಅರ್ಥವೂ ಉಂಟು. ಯೆಹೋಶುವನ ಗ್ರಂಥದಲ್ಲಿ, ಇಸ್ರಾಯೇಲ್ಯರ ಗೂಢಚಾರರನ್ನು ಕಾಪಾಡಿದ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೆ ಬಳಸಿರುವುದು ಇದೇ ಪದವನ್ನು. ಸ್ತುತಿಯ ಬಲ ಅವರು ಕೇಳಿದ ಹಗ್ಗ ಅದೇ ಇರಬಹುದು.

ಕಾಯಕ ಜೀವಿ:
ಸಂಗೀತದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಬಾಸೆಲ್ ಮಿಷನ್ನಿನವರ ಜೊತೆ ಜರ್ಮನ್ ರಾಗಗಳು ನಮ್ಮ ನಾಡಿಗೆ ಬಂದವು. ಆ ಪರಂಪರೆಯ ಬಹು ಪ್ರಸಿದ್ಧವಾದ ಕೃತಜ್ಞತಾ ಗೀತೆಯೊಂದನ್ನು ಬರೆದವರು ಜರ್ಮನಿಯ ಸ್ಯಾಕ್ಸನಿಯ ಐಲೆನ್‌ಬುರ್ಗ್ ಎಂಬ ಊರಿನ ಸಭಾಪಾಲಕರಾದ ಮಾರ್ಟಿನ್ ರಿಂಕಾರ್ಟ್. ಹದಿನೇಳನೆಯ ಶತಮಾನದಲ್ಲಿ ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದ ಕಾಲ. 1637ರಲ್ಲಿ ಆ ಊರಿಗೆ ಪ್ಲೇಗ್ ಬಂದಾಗ ಅವರು ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಶವಸಂಸ್ಕಾರ ನಡೆಸಿದರು. ಸತ್ತವರಲ್ಲಿ ಅವರ ಹೆಂಡತಿಯೂ ಒಬ್ಬರು. ಅಷ್ಟು ಸಮಾಧಿಗಳನ್ನು ಮುಚ್ಚಿದ ಮೇಲೆ, ಎಲ್ಲರೂ ದೇವರಿಗೆ ಕೃತಜ್ಞತೆ ಹೇಳೋಣ ಎಂದು ಬರೆದರಲ್ಲ, ಅದು ಸಂತೋಷ.

ನಿವೃತ್ತ ಮೇಷ್ಟ್ರು:
ಕಾಯಕ ಜೀವಿಯವರೇ, ರಿಂಕಾರ್ಟರ ಜೀವನದ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ಕ್ರಮದ ವಿಷಯದಲ್ಲಿ ಎಚ್ಚರ ಬೇಕು. ಆ ಗೀತೆಯನ್ನು ಪ್ಲೇಗಿಗೆ ಮೊದಲೇ, 1636ರ ಸುಮಾರಿಗೆ, ಊಟದ ಸಮಯದ ಪ್ರಾರ್ಥನೆಯಾಗಿ ಬರೆದರೆಂದು ಹೇಳುವುದುಂಟು.

ಕಾಯಕ ಜೀವಿ:
ತಿದ್ದಿದ್ದಕ್ಕೆ ಧನ್ಯವಾದ. ಹಾಗಾದರೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಹೇಳಿಕೊಂಡ ಮಾತುಗಳನ್ನೇ, ಹೆಂಡತಿಯ ಜಾಗ ಖಾಲಿಯಾದ ಮೇಲೂ ಅದೇ ಮೇಜಿನ ಮುಂದೆ ಅವರು ಹೇಳಬೇಕಾಗಿತ್ತಲ್ಲವೇ?

ಫಾತಿಮಾ ಬೆಟ್ಟ:
ಒಂದು ಸಣ್ಣ ಸೇರ್ಪಡೆ. ಆ ಗೀತೆಯ ಮೊದಲ ಚರಣಗಳಿಗೆ ಆಧಾರ ಸಿರಾಖನ ಗ್ರಂಥದ 50ನೆಯ ಅಧ್ಯಾಯ. ಆ ಗ್ರಂಥ ನಮ್ಮ ಕಥೋಲಿಕ ಶ್ರೀಗ್ರಂಥದಲ್ಲಿದೆ, ನಿಮ್ಮ ಸತ್ಯವೇದದಲ್ಲಿ ಇಲ್ಲ. ಆದರೂ ನೀವು ಅದನ್ನು ಹಾಡುತ್ತಿದ್ದೀರೆಂಬುದು ನನಗೆ ನಿಜವಾಗಿ ಸಂತೋಷದ ವಿಷಯ.

ಸ್ತುತಿಯ ಬಲ:
ಬೇಡಿಗಳ ವಿಷಯದಲ್ಲಿ ಆಲ್ಟೊ ಸಾಲು ಅವರ ಮಾತು ನನ್ನನ್ನು ತಡೆದು ನಿಲ್ಲಿಸಿತು. ಆ ವಚನವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಕೇಳುತ್ತಿದ್ದವರನ್ನು ಗಮನಿಸಿರಲಿಲ್ಲ. ಸಹೋದರಿ, ನಿಮ್ಮ ಮೇಲೆ ಭಾರ ಹೊರಿಸಿದ್ದರೆ ಕ್ಷಮಿಸಿ.

ಆದರೆ ನನ್ನ ಮಾತಿನ ಒಂದು ಭಾಗವನ್ನು ನಾನು ಬಿಡಲಾರೆ. ಮದ್ಯದ ಚಟದಿಂದ ನಾನು ಹೊರಬಂದದ್ದು ಬೆಂಗಳೂರಿನ ಒಂದು ಸಣ್ಣ ಪ್ರಾರ್ಥನಾ ಕೂಟದಲ್ಲಿ. ಮೊದಲ ಮೂರು ತಿಂಗಳು ನನಗೆ ಏನೂ ಅನಿಸುತ್ತಿರಲಿಲ್ಲ. ಕೈ ಎತ್ತಿರಿ ಎಂದಾಗ ಎತ್ತಿದೆ, ಹಾಡಿರಿ ಎಂದಾಗ ಹಾಡಿದೆ. ಕೈ ಎತ್ತಿದಷ್ಟು ಹೊತ್ತು ಆ ಕೈ ಬಾಟಲಿ ಹಿಡಿಯುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು. ಸಂತೋಷ ಆಮೇಲೆ ಬಂತು, ದಿನಾಂಕ ಹೇಳಲಾರದಷ್ಟು ಮೆಲ್ಲಗೆ. ಆದ್ದರಿಂದ ಶರೀರ ಮೊದಲು ಹೋಗಿ ಮನಸ್ಸು ಹಿಂದಿನಿಂದ ಬರುವುದನ್ನು ನಟನೆ ಎಂದು ಕರೆಯಬೇಡಿ. ನನ್ನ ಪ್ರಾಣ ಉಳಿದದ್ದು ಅದರಿಂದ.

ಆಲ್ಟೊ ಸಾಲು:
ಈಗ ನಾವಿಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದೇವೆ ಅಣ್ಣಾ. ಅಕ್ಕ ಬೆಂಚಿನ ತನಕ ಬರುತ್ತಿದ್ದಾರೆ. ಶರೀರ ಮೊದಲು ಹೋಗುವುದೆಂದರೆ ಅದೇ.

ರಾತ್ರಿ ಪಾಳಿ:
ನಾನು ಕುವೈತ್‌ನಲ್ಲಿ ದಾದಿ. ಇಲ್ಲಿ ಶುಕ್ರವಾರ ವಾರದ ರಜೆ, ಆದ್ದರಿಂದ ನಮ್ಮ ಆರಾಧನೆಯೂ ಅಂದೇ. ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿ ಬರುವವರೂ ಇದ್ದಾರೆ. ವಾರವೆಲ್ಲ ಬೇರೆ ಭಾಷೆಗಳಲ್ಲಿ ಬದುಕಿ, ಆ ದಿನ ಯಾರೋ ಎದ್ದು ಕನ್ನಡದಲ್ಲಿ ಪಾಠ ಓದಲು ಆರಂಭಿಸಿದಾಗ, ಅರ್ಥಕ್ಕಿಂತ ಮೊದಲು ಆ ಧ್ವನಿಯೇ ನನ್ನನ್ನು ಹಿಡಿದುಕೊಳ್ಳುತ್ತದೆ. ಬೆಳಗಿನ ಗಂಟೆ ಅವರೇ, ಹಾಡಲು ಆಗದಿದ್ದರೆ ವಾಚನ ಮಾಡಲು ಆಗುತ್ತದೆಯೇ ಎಂದು ಒಮ್ಮೆ ನೋಡಿ. ನನ್ನ ತಂದೆ ಊರಿನಲ್ಲಿ ತೀರಿಕೊಂಡಾಗ ನಾನು ಇಲ್ಲಿಯೇ ಇದ್ದೆ, ಹೋಗಲಾಗಲಿಲ್ಲ. ಮುಂದಿನ ವಾರ ನನಗೆ ಓದಲು ಕೊಟ್ಟರು. ಓದುವಾಗ ಮಾತು ನಮ್ಮದಾಗಿರುವುದಿಲ್ಲ, ಆದ್ದರಿಂದ ಅದನ್ನು ಹೊರುವ ಶಕ್ತಿ ಹೇಗೋ ಬರುತ್ತದೆ.

ಜೊತೆಗೆ, ನನ್ನ ಕೆಲಸದ ಕಾರಣದಿಂದ ಕೇಳುತ್ತಿದ್ದೇನೆ: ಊಟ, ನಿದ್ರೆ ಹೇಗಿವೆ? ಎಂಟು ತಿಂಗಳಾದರೂ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಿರಿ. ಅದು ನಂಬಿಕೆಯ ಕೊರತೆಯಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯನು ಗಿಡದ ಕೆಳಗೆ ಬಿದ್ದುಕೊಂಡು ಪ್ರಾಣ ಹೋಗಲಿ ಎಂದಾಗ, ದೇವದೂತನು ಮೊದಲು ರೊಟ್ಟಿಯನ್ನೂ ನೀರನ್ನೂ ಕೊಟ್ಟು ಮಲಗಲು ಬಿಟ್ಟನು. ಎರಡನೆಯ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟನು. ದೇವರ ಬೆಟ್ಟ, ಆತನ ಸಣ್ಣ ಸ್ವರ, ಪ್ರಶ್ನೆ, ಉತ್ತರ ಎಲ್ಲವೂ ಬಂದದ್ದು ಆ ಮೇಲೆ.

ಬೆಳಗಿನ ಗಂಟೆ:
ಊಟ ಮಾಡುತ್ತಿದ್ದೇನೆ, ನಿದ್ರೆ ಸ್ವಲ್ಪ ಕಡಿಮೆಯಾಗಿದೆ. ವೈದ್ಯರಲ್ಲಿ ಹೋಗುತ್ತೇನೆ. 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿದೆ. ನನಗೆ ಹೆದರಿಕೆಯಾಗಲಿಲ್ಲ, ನಾನು ಹೇಳಲು ಹೆದರುತ್ತಿದ್ದ ಮಾತನ್ನು ಯಾರೋ ನನಗಿಂತ ಮೊದಲೇ ದೇವರಿಗೆ ಹೇಳಿ, ಅದಕ್ಕಾಗಿ ಶಿಕ್ಷೆಗೆ ಒಳಗಾಗದೆ, ಸತ್ಯವೇದದ ಒಳಗೇ ಉಳಿದಿದ್ದಾರಲ್ಲ ಎಂದು ಸಮಾಧಾನವಾಯಿತು. ಮೌನ ಓದುಗರಿಗೆ ನನ್ನ ಕೃತಜ್ಞತೆ. 1972ರ ಬಗ್ಗೆ ಯಾರಿಗಾದರೂ ಏನಾದರೂ ತೋಚುತ್ತದೆಯೇ?

ಕೂರಿಗೆ:
ತಂಗೀ, ನಾನು ಗದಗ ಜಿಲ್ಲೆಯ ಒಣ ಬೇಸಾಯದವನು, ಈಗ ವಯಸ್ಸು ಎಪ್ಪತ್ತೆರಡು. 1972 ಎಂದ ಕೂಡಲೇ ನನ್ನ ವಯಸ್ಸಿನವರಿಗೆ ನೆನಪಾಗುವುದು ಬರಗಾಲ. ಮಹಾರಾಷ್ಟ್ರದಲ್ಲಿ ಅದು ಭೀಕರವಾಗಿತ್ತು, ನಮ್ಮ ಉತ್ತರ ಕರ್ನಾಟಕವನ್ನೂ ಬಿಡಲಿಲ್ಲ. ಮಣ್ಣು ಹೊರುವ ಕಾಮಗಾರಿಗೆ ನಾನೂ ಹೋಗಿದ್ದೆ.

126ನೆಯ ಕೀರ್ತನೆಯಲ್ಲಿ ಬಿತ್ತುವವನು ಅಳುತ್ತಾ ಹೋಗುತ್ತಾನೆ, ಕೊಯ್ಲಿನ ಸಿವುಡುಗಳನ್ನು ಹೊತ್ತು ಹಾಡುತ್ತಾ ಬರುತ್ತಾನೆ. ಪಟ್ಟಣದ ಬೋಧಕರು ಇದನ್ನು ಬೇರೆ ಬೇರೆ ರೀತಿಯಲ್ಲಿ ವಿವರಿಸುವುದನ್ನು ಕೇಳಿದ್ದೇನೆ. ಬರಗಾಲ ಕಂಡ ಒಕ್ಕಲಿಗನಿಗೆ ವಿವರಣೆ ಬೇಕಿಲ್ಲ. ನೆಲದೊಳಗಿನ ಹಗೇವಿನಲ್ಲಿದ್ದ ಜೋಳ ಮುಗಿದಿದೆ, ಮನೆಯಲ್ಲಿ ಉಳಿದಿರುವುದು ಬಿತ್ತನೆಯ ಜೋಳ ಒಂದೇ. ಮಕ್ಕಳು ಹಸಿದಿದ್ದಾರೆ. ಆ ಜೋಳವನ್ನು ಬೀಸಿದರೆ ಇಂದು ರೊಟ್ಟಿಯಾಗುತ್ತದೆ. ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಕೂರಿಗೆಯ ಬಟ್ಟಲಿಗೆ ಹಾಕುವಾಗ, ಮಕ್ಕಳ ಬಾಯಿಂದ ತೆಗೆದು ಮಣ್ಣಿಗೆ ಹಾಕುತ್ತಿದ್ದೇನೆ ಎಂದು ಅನಿಸುತ್ತದೆ. ನನ್ನ ತಂದೆ ಹಾಗೆ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಳುತ್ತಲೇ ಬಿತ್ತಿದರು, ಅಳು ನಿಲ್ಲಲಿ ಎಂದು ಹದ ಕಳೆಯಲಿಲ್ಲ. ನಿಮ್ಮ ಪ್ರಶ್ನೆಗೂ ನನ್ನಲ್ಲಿರುವ ಉತ್ತರ ಇದೇ.

ಅದೇ ಕೀರ್ತನೆಯಲ್ಲಿ ದಕ್ಷಿಣ ಸೀಮೆಯ ಒಣಗಿದ ಹಳ್ಳಗಳಿಗೆ ನೀರು ಬರುವ ಮಾತಿದೆ. ನಮ್ಮ ಬೆಣ್ಣಿಹಳ್ಳವನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಬೇಸಿಗೆಯಲ್ಲಿ ದನ ದಾಟಿಸುವ ಹಳ್ಳ. ಮೇಲೆಲ್ಲೋ ಮಳೆಯಾದರೆ, ನಮ್ಮ ತಲೆಯ ಮೇಲೆ ಒಂದು ಮೋಡವೂ ಇಲ್ಲದಿರುವಾಗ, ದಡ ಮೀರಿ ಬರುತ್ತದೆ.

ನಿವೃತ್ತ ಮೇಷ್ಟ್ರು:
ಕೂರಿಗೆಯವರೇ, ಈ ಕೀರ್ತನೆಯ ಮೇಲೆ ನಾನು ಇದುವರೆಗೆ ಕೇಳಿದ ಪ್ರಸಂಗಗಳಲ್ಲಿ ಇದನ್ನು ಮೇಲೆ ಇಡುತ್ತೇನೆ.

ಸ್ತುತಿಯ ಬಲ:
ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರಲಾಪಗಳ ಗ್ರಂಥದಲ್ಲಿಯೂ ಮೂರನೆಯ ಅಧ್ಯಾಯಕ್ಕೆ ಬರುವಾಗ ದೇವರ ಕರುಣೆ ಬೆಳಬೆಳಿಗ್ಗೆ ಹೊಸದಾಗುತ್ತದೆಂಬ ಮಾತು ಬರುತ್ತದಲ್ಲವೇ? ಶೋಕ ಅಲ್ಲಿಗೆ ಮುಗಿಯಬೇಕಲ್ಲವೇ?

ನಿವೃತ್ತ ಮೇಷ್ಟ್ರು:
ಅಲ್ಲಿಗೆ ಮುಗಿಯುವುದಿಲ್ಲ, ಅದೇ ಅದರ ಸತ್ಯ. ಆ ಗ್ರಂಥದಲ್ಲಿ ಐದು ಅಧ್ಯಾಯಗಳಿವೆ. ಮೂರನೆಯದನ್ನು ಬಿಟ್ಟು ಉಳಿದ ನಾಲ್ಕರಲ್ಲಿ ಇಬ್ರಿಯ ವರ್ಣಮಾಲೆಯ ಅಕ್ಷರಗಳಷ್ಟೇ, ಅಂದರೆ 22 ವಚನಗಳಿವೆ. ಮೂರನೆಯದರಲ್ಲಿ ಅದರ ಮೂರು ಪಟ್ಟು, 66. ಮೊದಲ ನಾಲ್ಕು ಅಧ್ಯಾಯಗಳು ಅಕ್ಷರಕ್ರಮದಲ್ಲಿ ಕಟ್ಟಿದ ಪದ್ಯಗಳು. ನಿರೀಕ್ಷೆಯ ಮಾತು ನಡುವಿನ ಅಧ್ಯಾಯದಲ್ಲಿ ಬರುತ್ತದೆ, ಅದಾದ ಮೇಲೆ ಮತ್ತೆ ಅಳು ಮುಂದುವರಿಯುತ್ತದೆ. ಕೊನೆಯ ವಚನದಲ್ಲಿಯೂ ದೇವರು ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟನೋ ಎಂಬ ಕಳವಳವಿದೆ. ಸುಟ್ಟುಹೋದ ಯೆರೂಸಲೇಮಿನ ನಡುವೆ ಕುಳಿತವನು ನಿರೀಕ್ಷೆಯನ್ನು ಗುಡಾರದ ನಡುಗಂಬದಂತೆ ಮಧ್ಯದಲ್ಲಿ ನಿಲ್ಲಿಸಿದ್ದಾನೆ. ನಾಲ್ಕು ಕಡೆಯಿಂದಲೂ ಗಾಳಿ ಬೀಸುತ್ತಲೇ ಇರುತ್ತದೆ.

ಫಾತಿಮಾ ಬೆಟ್ಟ:
ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಶಿಷ್ಯರೂ, ನಾವು ನಿರೀಕ್ಷಿಸಿದ್ದೆವು ಎಂದು ಆಗಿಹೋದ ಮಾತಿನಂತೆಯೇ ಹೇಳಿದರು. ಪುನರುತ್ಥಾನವಾದ ಯೇಸು ಪಕ್ಕದಲ್ಲಿ ನಡೆಯುತ್ತಿರುವಾಗಲೇ ಹಾಗೆ ಹೇಳಿದರು. ಅವರು ಮುಖ ಬಾಡಿಸಿಕೊಂಡಿದ್ದಕ್ಕೆ ಆತನು ಬಿಟ್ಟುಹೋಗಲಿಲ್ಲ. ದಾರಿಯುದ್ದಕ್ಕೂ ಧರ್ಮಗ್ರಂಥಗಳನ್ನು ಬಿಡಿಸಿ ಹೇಳಿದನು, ಆಮೇಲೆ ರೊಟ್ಟಿ ಮುರಿದನು. ನಮ್ಮ ಬಲಿಪೂಜೆಯೂ ನಿಮ್ಮ ಪರಿಶುದ್ಧ ಭೋಜನದ ಆರಾಧನೆಯೂ ಅದೇ ಕ್ರಮದಲ್ಲಿ ನಡೆಯುತ್ತವೆ: ಮೊದಲು ವಾಕ್ಯ, ಅನಂತರ ರೊಟ್ಟಿ.

ಬೆಳಗಿನ ಗಂಟೆ:
ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಬೆಟಗೇರಿಯಲ್ಲಿರುವ ನನ್ನ ಚಿಕ್ಕಮ್ಮನನ್ನು ಕೇಳಿದೆ. ಕೂರಿಗೆ ಅಣ್ಣನವರು ಹೇಳಿದ್ದು ನಿಜ. ಆ ವರ್ಷ ನನ್ನ ಅಜ್ಜ ಬಿತ್ತಿದ್ದು ಮೊಳೆಯಲಿಲ್ಲ. ಎರಡನೆಯ ಸಲ ಬಿತ್ತಲು ಬೀಜವಿರಲಿಲ್ಲ. ಆಗ ಹದಿನೆಂಟು ವರ್ಷದವರಾಗಿದ್ದ ನನ್ನ ತಾಯಿ ಕಾಮಗಾರಿಗೆ ಹೋಗಿ ಕಲ್ಲು ಹೊತ್ತು, ಸಂಜೆ ಮನೆಗೆ ಬಂದು, ದೀಪ ಹಚ್ಚಿ ಈ ಕೀರ್ತನೆಯನ್ನು ಓದುತ್ತಿದ್ದರಂತೆ. ಅಜ್ಜ ಒಂದು ದಿನ ಸಿಟ್ಟಿನಿಂದ, ಕೊಯ್ಲು ಎಲ್ಲಿದೆ ಎಂದು ಕೇಳಿದರಂತೆ. ತಾಯಿ ಉತ್ತರ ಕೊಡದೆ, ಮರುದಿನ ಸಂಜೆ ಮತ್ತೆ ಅದನ್ನೇ ಓದಿದರಂತೆ. ಇಸವಿಯನ್ನು ಬರೆದದ್ದು ಬೆಳೆ ಬಂದ ಮೇಲಲ್ಲ, ಆ ದಿನಗಳಲ್ಲೇ ಎಂದು ಚಿಕ್ಕಮ್ಮ ಖಚಿತವಾಗಿ ಹೇಳಿದರು.

ರಾತ್ರಿ ಪಾಳಿಯವರ ಸಲಹೆಯಂತೆ ಅಯ್ಯನವರಲ್ಲಿ ವಾಚನಕ್ಕೆ ಅವಕಾಶ ಕೇಳಿದೆ. ನನ್ನ ಕಥೆಯನ್ನು ಅವರಿಗೆ ಹೇಳಿದಾಗ, ತಾವೇ ಆ ಭಾನುವಾರಕ್ಕೆ 126ನೆಯ ಕೀರ್ತನೆಯನ್ನು ಇಟ್ಟರು. ತಾಯಿಯ ಪುಸ್ತಕದಿಂದಲೇ ಓದಿದೆ. ಆರೇ ವಚನಗಳು. ಐದನೆಯದರಲ್ಲಿ ದನಿ ಒಡೆಯಿತು, ನಿಲ್ಲಿಸಿದೆ, ಯಾರೂ ಕೆಮ್ಮಲಿಲ್ಲ, ಕಾದರು, ಮತ್ತೆ ಓದಿದೆ. ಆಮೇಲೆ ಸಂಗೀತಕ್ಕೆ ಎಲ್ಲರೂ ಎದ್ದು ನಿಂತರು. ನನ್ನ ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗಿಗೆ ಪುಸ್ತಕವಿರಲಿಲ್ಲ. ಅವಳತ್ತ ನನ್ನ ಪುಸ್ತಕವನ್ನು ಚಾಚಿದೆ, ಅವಳು ಒಂದು ಅಂಚನ್ನು ಹಿಡಿದುಕೊಂಡಳು. ಎರಡನೆಯ ಚರಣದವರೆಗೆ ಹಾಡಿದೆ.

ಆಲ್ಟೊ ಸಾಲು:
ಉಳಿದ ಚರಣಗಳನ್ನು ಆ ಹುಡುಗಿ ಹಾಡಿದಳೇ?

ಬೆಳಗಿನ ಗಂಟೆ:
ಹಾಡಿದಳು. ರಾಗ ಸ್ವಲ್ಪ ತಪ್ಪಿತ್ತು. ನನ್ನ ತಾಯಿಯೂ ಅದೇ ಜಾಗದಲ್ಲಿ ತಪ್ಪುತ್ತಿದ್ದರು.